ರಟ್ಟಿನ ಪುಸ್ತಕದ ಮಿಸ್

ಟೀಚರ್ ಕೆಲಸ ಕೇಳಿಕೊಂಡು ಬಂದವರಿಗೆ ನಾನು ಕುರ್ಚಿ ಹಾಕುವುದಿಲ್ಲ. ನೆಲದ ಮೇಲೆ ಚಾಪೆ ಇರುತ್ತದೆ, ಕೂತುಕೊಳ್ಳಿ ಎನ್ನುತ್ತೇನೆ. ಎರಡು ಮಾತಾಡಿ, ಆ ಕಿಟಕಿ ಸ್ವಲ್ಪ ಮುಚ್ಚುತ್ತೀರಾ ಎಂದು ಕೇಳುತ್ತೇನೆ. ಏಳುವಾಗ ಯಾರು ಗೋಡೆ ಹಿಡಿಯುತ್ತಾರೋ, ಯಾರು ಸೀರೆ ಸುಕ್ಕಾಯಿತೆಂದು ಮುಖ ಸಿಂಡರಿಸುತ್ತಾರೋ, ಅವರು ಮೂರು ವರ್ಷದ ಮಕ್ಕಳ ಜೊತೆ ದಿನಕ್ಕೆ ನಲವತ್ತು ಸಲ ಕೂತು ಏಳುವವರಲ್ಲ. ಸರ್ಟಿಫಿಕೇಟು ನೋಡುವುದು ಆಮೇಲೆ. ಪ್ಲೇ ಹೋಮ್ ಶುರು ಮಾಡಬೇಕೆಂದಿರುವವರು ಇದನ್ನು ಬರೆದಿಟ್ಟುಕೊಳ್ಳಬಹುದು.

ನಮ್ಮ ಮಿಸ್ ಕೆಲಸ ಕೇಳಿಕೊಂಡು ಬಂದ ದಿನ, ನಾನು ಹೇಳುವ ಮೊದಲೇ ಚಾಪೆಯ ಮೇಲೆ ಕೂತಿದ್ದರು. ನಲವತ್ತೈದು ದಾಟಿದ ಹೆಂಗಸು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ತೊಡೆಯ ಮೇಲೆ ಒಂದು ಬಟ್ಟೆಯ ಚೀಲ. ಬೆಳಿಗ್ಗೆಯಿಂದ ಬಾಗಿಲಿಗೆ ಅಂಟಿಕೊಂಡು ಅಳುತ್ತಿದ್ದ ಒಂದು ಮಗು ಅವರ ಪಕ್ಕಕ್ಕೆ ಬಂದು ಕೂತಿತ್ತು. ಅವರು ಅದನ್ನು ಮುದ್ದು ಮಾಡಲಿಲ್ಲ, ಹೆಸರೇನು ಅಂತ ಕೇಳಲಿಲ್ಲ. ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು, ಅಷ್ಟೇ.

ಸಂಬಳದ ಮಾತು ಬಂದಾಗ ನಾನು ಎಂದಿನಂತೆ ಅರ್ಧದಿಂದ ಶುರು ಮಾಡಿದೆ. ಅವರು ಆಗಲಿ ಎಂದುಬಿಟ್ಟರು. ಚೌಕಾಸಿ ಮಾಡದೆ ಒಪ್ಪಿಕೊಂಡವರನ್ನು ಕಂಡರೆ ನನಗೆ ಅನುಮಾನ.

"ಎರಡು ಷರತ್ತಿದೆ ಮೇಡಂ," ಎಂದರು. "ಓದೋ ಪುಸ್ತಕ ನಾನೇ ತರ್ತೀನಿ. ಇನ್ನೊಂದು, ನಾನು ಕಾಯ್ತಾ ಇರೋವಾಗ ಯಾರೂ ಮಧ್ಯ ಬಾಯಿ ಹಾಕ್ಬಾರ್ದು."

"ನಾನೂನಾ?"

"ನೀವೇ ಮುಖ್ಯವಾಗಿ."

ಅರ್ಧ ಗಂಟೆಯಲ್ಲಿ ನನ್ನನ್ನು ಅಳೆದಿದ್ದರು. ನನಗೆ ನಗು ಬಂತು, ಕೆಲಸ ಕೊಟ್ಟೆ. ಹೆಸರು ಇಲ್ಲಿ ಬರೆಯುವುದಿಲ್ಲ. ನಾನು, ಮಕ್ಕಳು, ಆಯಾ, ವ್ಯಾನ್ ಡ್ರೈವರ್ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಮಿಸ್ ಎಂದೇ. ಅವರು ತೀರಿಕೊಂಡು ಒಂದು ಮಳೆಗಾಲ ಕಳೆದಿದೆ. ಅವರಿಗೆ ಏನೋ ಆಗುತ್ತಾ ಹೋದದ್ದು ನನ್ನ ಕಣ್ಣೆದುರೇ, ಏಳು ತಿಂಗಳು. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಎರಡು ಸಾಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಆರ್.ಟಿ. ನಗರದಲ್ಲಿ ಮನೆಮನೆಗೆ ನೈಟಿ ಹೊತ್ತು ಮಾರಿದವಳು. ಯಾವ ಹೆಂಗಸು ಕೊಳ್ಳುತ್ತಾಳೆ, ಯಾರು ಬರೀ ಮಡಿಕೆ ಬಿಚ್ಚಿಸಿ ಕಳಿಸುತ್ತಾಳೆ ಎಂಬುದು ಬಾಗಿಲು ತೆರೆಯುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಆ ಕಣ್ಣಿನಿಂದಲೇ ವಿದ್ಯಾರಣ್ಯಪುರದಲ್ಲಿ ಒಂದು ಮನೆಯ ಕೆಳಗಿನ ಭಾಗ ಬಾಡಿಗೆಗೆ ಹಿಡಿದು ಪ್ಲೇ ಹೋಮ್ ಮಾಡಿದೆ. ನನ್ನನ್ನು ಯಾರೂ ಏಮಾರಿಸಲಾರರು ಎಂದು ಏರಿಯಾದಲ್ಲಿ ಹೆಸರಿತ್ತು. ಆ ಹೆಸರು ನನಗೂ ಇಷ್ಟವಾಗಿತ್ತು.

ಮಿಸ್ ಮರುದಿನ ಚೀಲದಿಂದ ತೆಗೆದ ಪುಸ್ತಕವನ್ನು ನೋಡಿ ನನಗೆ ಸ್ವಲ್ಪ ನಾಚಿಕೆಯೇ ಆಯಿತು. ಅದು ಅಂಗಡಿಯ ಪುಸ್ತಕವಲ್ಲ. ಅವರ ತಂಗಿ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದರು. ಅಕ್ಕತಂಗಿಯರಿಬ್ಬರೇ ಗೊರಗುಂಟೆಪಾಳ್ಯದ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆಯ ಮನೆಯಲ್ಲಿದ್ದರು. ಫ್ಯಾಕ್ಟರಿಯಲ್ಲಿ ಬಿಸಾಡುವ ಪೆಟ್ಟಿಗೆಗಳ ರಟ್ಟು ತಂದು, ಒಂದೇ ಅಳತೆಗೆ ಕತ್ತರಿಸಿ, ಜೀನ್ಸ್ ಹೊಲಿಯುವ ದಪ್ಪ ದಾರದಲ್ಲಿ ತಂಗಿ ಹೊಲಿದುಕೊಟ್ಟಿದ್ದರು. ಸ್ಟೇಷನರಿ ಅಂಗಡಿಯ ಪ್ರಾಣಿಗಳ ಚಾರ್ಟಿನಿಂದ ಚಿತ್ರ ಕತ್ತರಿಸಿ ಮಿಸ್ ಅಂಟಿಸಿದ್ದರು. ಹನ್ನೆರಡು ಪುಟ, ಹನ್ನೆರಡು ಪ್ರಾಣಿ. ಎಲ್ಲ ಪುಟದಲ್ಲೂ ಒಂದೇ ಮಾತು:

"ಕೆರೆಯ ದಂಡೆಗೆ ಯಾರು ಬಂದರು? ಹಸು ಬಂತು, ಹಸು ಬಂತು. ನೀರು ಕುಡಿದು ಹೊರಟು ಹೋಯಿತು."

ಮುಂದಿನ ಪುಟಕ್ಕೆ ನಾಯಿ. ಅದರ ಮುಂದೆ ಮೇಕೆ. ಹೀಗೇ ಕತ್ತೆ, ಎಮ್ಮೆ, ಕೋತಿ, ಕಾಗೆ. ಕೊನೆಯ ಪುಟದಲ್ಲಿ ಮಾತ್ರ ಕಪ್ಪೆ ಬರುತ್ತದೆ, ಹೋಗುವುದೇ ಇಲ್ಲ. ಆ "ಹೋಗಲೇ ಇಲ್ಲ" ಎನ್ನುವುದಕ್ಕಾಗಿ ಮಕ್ಕಳು ಹನ್ನೊಂದು ಪುಟ ಉಸಿರು ಬಿಗಿ ಹಿಡಿದು ಕಾಯುತ್ತಿದ್ದವು.

ಓದುವಾಗ ಮಿಸ್ ಪುಸ್ತಕವನ್ನು ತಮ್ಮ ಕಿವಿಯ ಪಕ್ಕ ಹಿಡಿಯುತ್ತಿದ್ದರು. ಚಿತ್ರ ಮಕ್ಕಳ ಕಡೆಗೆ, ಕಣ್ಣೂ ಮಕ್ಕಳ ಕಡೆಗೆ. ಪುಟವನ್ನು ಅವರು ನೋಡುತ್ತಲೇ ಇರಲಿಲ್ಲ. "ಯಾರು ಬಂದರು?" ಎಂದು ರಾಗವಾಗಿ ಕೇಳಿ ನಿಲ್ಲಿಸಿಬಿಡುತ್ತಿದ್ದರು. ಪ್ರಾಣಿಯ ಹೆಸರನ್ನು ಅವರು ಹೇಳುತ್ತಿರಲಿಲ್ಲ, ಮಕ್ಕಳೇ ಹೇಳಬೇಕು. ಹೇಳುವವರೆಗೆ ಎಡಗೈಯನ್ನು ಅಂಗೈ ಮುಂದೆ ಮಾಡಿ ಎತ್ತಿ ಹಿಡಿದಿರುತ್ತಿದ್ದರು, ಟ್ರಾಫಿಕ್ ಪೊಲೀಸಿನವರ ಹಾಗೆ. ಆ ಕೈ ಕೆಳಗಿಳಿಯುವವರೆಗೆ ನಾನಾಗಲಿ ಆಯಾ ಆಗಲಿ ಉಸಿರೆತ್ತುವ ಹಾಗಿರಲಿಲ್ಲ.

ಮೊದಮೊದಲು ನನಗೆ ಇದನ್ನು ಸಹಿಸಲಾಗುತ್ತಿರಲಿಲ್ಲ. ಒಂದು ದಿನ ಮಧ್ಯದಲ್ಲೇ, "ಮೇಕೆ ಅಂತ ಹೇಳ್ರೋ," ಎಂದುಬಿಟ್ಟೆ. ಮಿಸ್ ಪುಸ್ತಕ ಮುಚ್ಚಿದರು. ಮಕ್ಕಳು ಊಟಕ್ಕೆ ಹೋದ ಮೇಲೆ ಹೇಳಿದರು: "ಮಾತು ಮಗೂನ ಗಂಟಲವರೆಗೆ ಬಂದಿತ್ತು ಮೇಡಂ. ನೀವು ಹೇಳಿದ ತಕ್ಷಣ ಅದು ವಾಪಸ್ ಹೋಯ್ತು. ಈಗ ಮತ್ತೆ ಎಷ್ಟು ದಿನಕ್ಕೆ ಬರುತ್ತೋ."

ಆ ಮಗು ಎದುರುಗಡೆ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವನ ಮಗಳು. ನೇಪಾಳದವರು. ನಾಲ್ಕು ತಿಂಗಳು ಒಂದು ಶಬ್ದ ಆಡಿರಲಿಲ್ಲ. ಮೂಗಿ ಇರಬೇಕು ಎಂದು ಆಯಾ, ಕಿವಿ ಪರೀಕ್ಷೆ ಮಾಡಿಸಿ ಎಂದು ನಾನು. ಮಿಸ್ ಮಾತ್ರ ದಿನವೂ ಮೇಕೆಯ ಪುಟ ಬಂದಾಗ ಅವಳ ಕಡೆ ತಿರುಗಿ ಕೈ ಎತ್ತಿ ಕಾಯುತ್ತಿದ್ದರು. ಅವಳ ಕಣ್ಣು ಆ ಪುಟದಲ್ಲಿ ಮಾತ್ರ ಅರಳುವುದನ್ನು ಅವರು ಕಂಡಿದ್ದರಂತೆ. ಒಂದು ಗುರುವಾರ ಅವಳು ಬಾಯಿ ತೆರೆದು, "ಬಾಖ್ರೋ," ಎಂದಳು.

ಮಕ್ಕಳೆಲ್ಲ ನಕ್ಕರು. ಮಿಸ್ ನಗಲಿಲ್ಲ. ಕೈ ಇಳಿಸಿ, ಅದೇ ರಾಗದಲ್ಲಿ, "ಬಾಖ್ರೋ ಬಂತು, ಬಾಖ್ರೋ ಬಂತು, ನೀರು ಕುಡಿದು ಹೊರಟು ಹೋಯಿತು," ಎಂದು ಓದಿ ಪುಟ ತಿರುಗಿಸಿದರು. ಮಾರನೆಯ ದಿನದಿಂದ ನಮ್ಮ ಪ್ಲೇ ಹೋಮಿನಲ್ಲಿ ಮೇಕೆಗೆ ಎರಡು ಹೆಸರು. ಒಂದು ತಿಂಗಳಲ್ಲಿ ಆ ಹುಡುಗಿ ಆಯಾಗೆ ಎದುರುತ್ತರ ಕೊಡುವಷ್ಟು ಕನ್ನಡ ಕಲಿತಳು.

ಒಮ್ಮೆ ಒಬ್ಬ ತಂದೆ ಜಗಳಕ್ಕೇ ಬಂದ. "ಏನ್ರೀ ಮಿಸ್, ನನ್ ಮಗ ಮನೇಲಿ ಬರೀ ಹಸು ಬಂತು ಹಸು ಬಂತು ಅಂತಾನೆ. ಬೇರೆ ಏನೂ ಹೇಳ್ಕೊಡಲ್ವಾ?"

"ಎಷ್ಟು ಸಲ ಅಂತಾನೆ ಸರ್?"

"ತಲೆ ಚಿಟ್ಟಿಡಿಯೋ ಅಷ್ಟು. ದಿನಕ್ಕೆ ನೂರು ಸಲ."

"ನಮ್ ಹತ್ರ ಸೇರಿಸೋ ಮುಂಚೆ ದಿನಕ್ಕೆ ಎಷ್ಟು ಮಾತಾಡ್ತಿದ್ದ?"

ಆತ ಹೋಗುವಾಗ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದ. ಮಿಸ್ ನನ್ನ ಕಡೆ ತಿರುಗಿ, "ಇವರಿಗೆಲ್ಲ ದಿನಾ ಹೊಸ ಪುಸ್ತಕ ಬೇಕು ಮೇಡಂ. ಮಕ್ಕಳಿಗೆ ಬೇಕಾಗಿರೋದು ಮುಂದಿನ ಪುಟದಲ್ಲಿ ಏನಿದೆ ಅಂತ ಮೊದಲೇ ಗೊತ್ತಿರೋ ಪುಸ್ತಕ. ಗೊತ್ತಿದ್ರೆ ತಾನೇ ಧೈರ್ಯ," ಎಂದರು. ಇಷ್ಟುದ್ದ ಮಾತನ್ನು ಅವರು ಆಡಿದ್ದು ಕಡಿಮೆ. ಮಾತಾಡಿ ಮುಗಿಸಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು, ಊಟ ಮಾಡಿದವರಂತೆ.

ಇನ್ನೊಂದು ಆಟವಿತ್ತು. ವಾರಕ್ಕೊಮ್ಮೆ ಬೇಕೆಂದೇ ತಪ್ಪು ಹೇಳುವುದು. ಎಮ್ಮೆಯ ಚಿತ್ರ ತೋರಿಸಿ, "ಕೋಳಿ ಬಂತು, ಕೋಳಿ ಬಂತು," ಎನ್ನುವುದು. ಇಡೀ ಕ್ಲಾಸು, "ಅಲ್ಲ ಮಿಸ್, ಎಮ್ಮೆ," ಎಂದು ಅರಚುತ್ತಿತ್ತು. ಮಿಸ್ ಕಣ್ಣು ದೊಡ್ಡದು ಮಾಡಿ, "ಹೌದಾ? ನಂಗೆ ಗೊತ್ತೇ ಇರ್ಲಿಲ್ಲ ನೋಡಿ," ಎನ್ನುತ್ತಿದ್ದರು. ದೊಡ್ಡವರನ್ನು ತಿದ್ದುವ ಸುಖ ಮಕ್ಕಳಿಗೆ ಬೇರೆಲ್ಲಿ ಸಿಗುತ್ತದೆ. ತಿದ್ದಲಿಕ್ಕಾಗಿಯೇ ಅವು ಹೆಸರುಗಳನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದವು.

ಹೀಗೆ ಮೂರು ವರ್ಷ ನಡೆಯಿತು. ನಾಲ್ಕನೆಯ ವರ್ಷದ ಜೂನ್‌ನಲ್ಲಿ ಶಾಲೆ ತೆರೆದಾಗ ಮಿಸ್ ಕಾಯುವುದು ಉದ್ದವಾಗಿತ್ತು. ಹಸುವಿನ ಪುಟದಲ್ಲೂ ಕಾಯುತ್ತಿದ್ದರು, ಮಕ್ಕಳಿಗೆ ನಿದ್ದೆಯಲ್ಲೂ ಗೊತ್ತಿದ್ದ ಪುಟದಲ್ಲಿ. ಮಕ್ಕಳು ಹೇಳಿದ ಮೇಲೆ ಅವರು ಅದನ್ನು ಹಿಡಿದು ಮುಂದುವರಿಸುತ್ತಿದ್ದರು. ತಪ್ಪು ಹೇಳುವ ಆಟ ವಾರಕ್ಕೊಮ್ಮೆ ಇದ್ದದ್ದು ದಿನವೂ ಆಯಿತು, ಆಮೇಲೆ ದಿನಕ್ಕೆ ಮೂರ್ನಾಲ್ಕು ಪುಟ. ಮಕ್ಕಳಿಗೆ ಹಬ್ಬ. "ಅಲ್ಲ ಮಿಸ್" ಎಂಬ ಕೂಗು ರಸ್ತೆಗೆ ಕೇಳುತ್ತಿತ್ತು. ವಿಚಾರಿಸಲು ಬಂದ ಪೋಷಕರನ್ನು ನಾನು ಕಿಟಕಿಯ ಹತ್ತಿರ ನಿಲ್ಲಿಸಿ, "ನೋಡಿ, ನಮ್ಮಲ್ಲಿ ಮಕ್ಕಳೇ ಟೀಚರಿಗೆ ಹೇಳಿಕೊಡೋದು," ಎನ್ನುತ್ತಿದ್ದೆ. ಆ ಮಾತಿಗೇ ಎಷ್ಟೋ ಅಡ್ಮಿಷನ್ ಆದವು.

ಆಗಸ್ಟ್‌ನಲ್ಲಿ ಅವರು ಹಾಜರಿ ಕೂಗುವುದನ್ನು ಬಿಟ್ಟರು. "ಇವತ್ತಿಂದ ನಿಮ್ಮ ಹೆಸರು ನೀವೇ ಹೇಳಿ," ಎಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರೂ ಎದೆ ಮುಟ್ಟಿಕೊಂಡು ಹೆಸರು ಹೇಳಿದಾಗ ನನಗೆ ಬಹಳ ಚೆನ್ನಾಗಿ ಕಂಡಿತು. ಮೊಬೈಲಿನಲ್ಲಿ ವಿಡಿಯೋ ಮಾಡಿ ಸ್ಟೇಟಸ್ ಹಾಕಿದೆ. ಪಕ್ಕದ ರಸ್ತೆಯ ಪ್ಲೇ ಹೋಮಿನವಳು ಮುಂದಿನ ವಾರವೇ ಕಾಪಿ ಹೊಡೆದಳು.

ಮಕ್ಕಳ ಡೈರಿಯಲ್ಲಿ ಬರೆಯುವುದೂ ನಿಂತಿತು. ಸಾಲುಗಳ ಬದಲು ಚಿತ್ರ ಬಿಡಿಸುತ್ತಿದ್ದರು. ಊಟ ಮಾಡಿದ ಮಗುವಿಗೆ ತಟ್ಟೆ, ನಿದ್ದೆ ಮಾಡಿದ ಮಗುವಿಗೆ ದಿಂಬು. "ಪೇರೆಂಟ್ಸ್‌ಗೆ ಅರ್ಥ ಆಗಲ್ಲ ಮಿಸ್, ಎರಡು ಸಾಲು ಗೀಚಿ," ಎಂದು ಬೈದೆ. ಅವರು ತಲೆಯಾಡಿಸಿದರು. ಮಾರನೆಯ ದಿನವೂ ದಿಂಬು.

ಇವನ್ನೆಲ್ಲ ಅವರ ಹೊಸ ವಿಧಾನ ಎಂದು ನಾನು ತಿಳಿದೆ ಎಂದರೆ ನೀವು ನಂಬಬಹುದು. ಅದರಲ್ಲಿ ಅರ್ಧ ನಿಜವೂ ಹೌದು. ಕಾಯುವುದೇ ಕಸುಬಾಗಿದ್ದವರು ಸ್ವಲ್ಪ ಹೆಚ್ಚು ಕಾದರೆ, ಹೆಸರನ್ನು ಮಕ್ಕಳ ಬಾಯಲ್ಲೇ ಹೇಳಿಸುವವರು ಹೆಸರು ಹೇಳದಿದ್ದರೆ, ಯಾರಿಗೆ ಏನು ಗೊತ್ತಾಗುತ್ತದೆ? ಬೇರೆ ಯಾವ ಟೀಚರ್ ಆಗಿದ್ದರೂ ಒಂದೇ ವಾರದಲ್ಲಿ ಬಯಲಾಗುತ್ತಿತ್ತು. ಇವರ ಪುಸ್ತಕದಲ್ಲಿ ಆ ತೂತುಗಳಿಗೆಲ್ಲ ಮೊದಲಿನಿಂದಲೇ ಜಾಗವಿತ್ತು.

ಉಳಿದ ಅರ್ಧ ಹೇಳುತ್ತೇನೆ. ದಸರಾ ರಜೆಗೆ ಮುಂಚೆ ಒಂದು ದಿನ ನಾವಿಬ್ಬರೂ ಅಡುಗೆಮನೆಯಲ್ಲಿ ಚಹಾ ಕುಡಿಯಲು ನಿಂತಿದ್ದೆವು. ಮಿಸ್ ಶೆಲ್ಫಿನ ಕಡೆ ಕೈ ತೋರಿಸಿ, "ಮೇಡಂ, ಅದು ಕೊಡಿ," ಎಂದರು.

"ಯಾವುದು?"

"ಅದೇ... ಕುಡಿಯೋದು. ಹಿಡ್ಕೊಂಡು... ಅದು."

ಅವರ ಬೆರಳಿನ ನೇರಕ್ಕೆ ಲೋಟ ಇತ್ತು. ನಾನು ಕೊಟ್ಟೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಪರಿಚಿತ ಮುಖದ ಹೆಸರು ನೆನಪಾಗದಾಗ ನಾವು ನೋಡುತ್ತೇವಲ್ಲ, ಹಾಗೆ. ಆಮೇಲೆ ನನ್ನ ಕಡೆ ನೋಡಿದರು. ನಾನು ಏನಾದರೂ ಕೇಳಲಿ ಎಂದು ನೋಡಿದರು ಅಂತ ಈಗ ಅನಿಸುತ್ತದೆ.

ನಾನು ಕೇಳಲಿಲ್ಲ. ಏನೋ ಸರಿಯಿಲ್ಲ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಬಾಗಿಲು ತೆರೆಯುವ ರೀತಿಯಲ್ಲೇ ಮನುಷ್ಯರನ್ನು ಅಳೆಯುವವಳಿಗೆ ಲೋಟ ಹಿಡಿಯುವ ರೀತಿ ಕಾಣದೆ ಇರುತ್ತದೆಯೇ. ಆದರೆ ಕೇಳಿದರೆ ರಜೆ ಎನ್ನುತ್ತಾರೆ, ಆಸ್ಪತ್ರೆ ಎನ್ನುತ್ತಾರೆ. ಡಿಸೆಂಬರಿನಲ್ಲಿ ಓಪನ್ ಡೇ ಇದೆ, ಮಧ್ಯದಲ್ಲಿ ಹೊಸಬರನ್ನು ಎಲ್ಲಿ ಹುಡುಕುವುದು. ಅದಕ್ಕೇ ನಾನು ಉಪದೇಶ ಮಾಡಿದೆ. "ನಿಮಗೆ ರಕ್ತ ಕಮ್ಮಿ ಮಿಸ್. ರಾತ್ರಿ ನಾಲ್ಕು ಬಾದಾಮಿ ನೆನೆಸಿಟ್ಟು ತಿನ್ನಿ."

"ಬೆಳಿಗ್ಗೆ ತಲೆನೋವು ಮೇಡಂ. ವಾಂತಿನೂ ಆಗುತ್ತೆ."

"ಪಿತ್ತ ಅದು. ಖಾಲಿ ಹೊಟ್ಟೇಲಿ ಬಸ್ ಹತ್ತಬೇಡಿ. ಜೀರಿಗೆ ಕಷಾಯ ಕುಡೀರಿ."

ಅವರು ಆಗಲಿ ಎಂದರು. ಸಂಬಳಕ್ಕೆ ಆಗಲಿ ಎಂದ ಹಾಗೆಯೇ.

ಓಪನ್ ಡೇಗೆಂದು ನಾನು ಪೇಟೆಗೆ ಹೋಗಿ ಹೊಸ ಪುಸ್ತಕಗಳ ಒಂದು ಸೆಟ್ ತಂದೆ. ಹೊಳೆಯುವ ಹಾಳೆ, ಕಾಡಿನ ಪ್ರಾಣಿಗಳು, ಇಂಗ್ಲಿಷ್ ಅಕ್ಷರ. ಜಿರಾಫೆ, ಜೀಬ್ರಾ, ಘೇಂಡಾಮೃಗ. ಅಂಗಡಿಯವನನ್ನು ಎರಡು ಸಲ ಮೆಟ್ಟಿಲಿಳಿದು ಹೋದಂತೆ ಮಾಡಿ ಬಗ್ಗಿಸಿದ್ದೆ. ಗೆದ್ದ ಖುಷಿಯಲ್ಲಿ ತಂದು ಮಿಸ್ ಮುಂದಿಟ್ಟರೆ ಅವರು ಒಂದನ್ನು ತೆರೆದು, ಮುಚ್ಚಿ, ದೂರ ತಳ್ಳಿದರು.

"ಹಳೇದೇ ಓದ್ತೀನಿ ಮೇಡಂ."

"ಆ ರಟ್ಟು ಹಿಡ್ಕೊಂಡು ಕೂತ್ರೆ ಬಂದೋರು ಏನಂತಾರೆ? ಗುಜರಿ ಅಂಗಡಿ ಅಂದ್ಕೋತಾರೆ."

"ನಂಗೆ ಇದು... ಇದು ಆಗಲ್ಲ."

"ಮೂರು ವರ್ಷದ ಮಕ್ಕಳಿಗೆ ಆಗುತ್ತೆ, ನಿಮಗೆ ಆಗಲ್ವಾ?"

ಹಟ ಎಂದುಕೊಂಡೆ. ನನ್ನ ಜೊತೆ ಇಷ್ಟು ವರ್ಷದಲ್ಲಿ ಮೊದಲ ಸಲ ಅವರು ಚೌಕಾಸಿಗೆ ನಿಂತಿದ್ದಾರೆ ಎನಿಸಿತು. ಚೌಕಾಸಿ ಎಂದ ಮೇಲೆ ಸೋಲುವುದು ನನಗೆ ಅಭ್ಯಾಸವಿಲ್ಲ. ಓಪನ್ ಡೇಯ ಹಿಂದಿನ ಸಂಜೆ ರಟ್ಟಿನ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಮರುದಿನ ಶನಿವಾರ. ಹಾಲಿನ ತುಂಬ ಅಪ್ಪ ಅಮ್ಮಂದಿರು, ಗೋಡೆಗೆ ಬಲೂನು. ಮಿಸ್ ಎಂದಿನ ಪುಟ್ಟ ಸ್ಟೂಲಿನ ಮೇಲೆ ಕೂತು ಹೊಸ ಪುಸ್ತಕವನ್ನು ಕಿವಿಯ ಪಕ್ಕ ಹಿಡಿದರು. ಮೊದಲ ಪುಟ ಜಿರಾಫೆ. "ಯಾರು ಬಂದರು?" ಎಂದು ಕೇಳಿ ಕೈ ಎತ್ತಿದರು.

ಮಕ್ಕಳಿಗೆ ಜಿರಾಫೆ ಗೊತ್ತಿರಲಿಲ್ಲ. ಯಾರೂ ಹೇಳಲಿಲ್ಲ. ಮಿಸ್ ಕಾದರು. ಒಬ್ಬ ತಂದೆ ಮೊಬೈಲ್ ಎತ್ತಿ ಶೂಟ್ ಮಾಡುತ್ತಿದ್ದ, ಕೈ ನೋವು ಬಂದು ಇನ್ನೊಂದು ಕೈಗೆ ಬದಲಿಸಿಕೊಂಡ. ಮಿಸ್ ಮೊದಲ ಬಾರಿಗೆ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಚಿತ್ರ ನೋಡಿದರು. ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರಿತ್ತು. ತುಟಿ ಅಲುಗಿತು. ಆಗ ಆ ಸೆಕ್ಯೂರಿಟಿಯವನ ಮಗಳ ತಂಗಿ, ಆ ವರ್ಷ ಸೇರಿದವಳು, ಎದ್ದು ಹೋಗಿ ಅವರ ಕಿವಿಯಲ್ಲಿ ಏನೋ ಹೇಳಿ ಬಂದು ಕೂತಳು. ಗೊತ್ತಿಲ್ಲದಿದ್ದರೂ ಮಿಸ್‌ಗೆ ಏನಾದರೊಂದು ಕೊಡಬೇಕು ಎನಿಸಿರಬೇಕು.

"ಹಸು ಬಂತು," ಎಂದರು ಮಿಸ್, ಗಟ್ಟಿಯಾಗಿ. "ಹಸು ಬಂತು. ನೀರು ಕುಡಿದು ಹೊರಟು ಹೋಯಿತು."

ದೊಡ್ಡವರು ನಕ್ಕರು. ಆಟ ಎಂದುಕೊಂಡರು. ಪುಟ ತಿರುಗಿತು, ಜೀಬ್ರಾ. "ಹಸು ಬಂತು, ಹಸು ಬಂತು." ಮತ್ತೆ ನಗು, ಸ್ವಲ್ಪ ಕಡಿಮೆ. ಘೇಂಡಾಮೃಗ. "ಹಸು ಬಂತು." ಈಗ ಯಾರೂ ನಗಲಿಲ್ಲ. ಮಕ್ಕಳು ಮಾತ್ರ ದನಿಗೂಡಿಸಿದವು. ಅವರ ಮಿಸ್ ಹೇಳುತ್ತಿದ್ದಾರೆ, ರಾಗ ಅದೇ ಇದೆ. ಪುಸ್ತಕ ಮುಗಿಯುವವರೆಗೆ, ಪುಟ ಪುಟಕ್ಕೂ ಹಸುವೇ ಬಂತು, ನೀರು ಕುಡಿದು ಹೋಯಿತು. ಮಿಸ್ ಮುಖದಲ್ಲಿ ಬೆವರು ಇಳಿಯುತ್ತಿತ್ತು. ತಾವು ಹೇಳುತ್ತಿರುವುದು ತಪ್ಪೆಂದು ಅವರಿಗೆ ಗೊತ್ತಿತ್ತು. ನಿಲ್ಲಿಸಲು ಆಗುತ್ತಿರಲಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬಾಕೆ ಗಂಡನಿಗೆ ಪಿಸುಗುಟ್ಟಿದ್ದು ನನಗೆ ಕೇಳಿತು. "ಜೀಬ್ರಾನ ಹಸು ಅಂತ ಹೇಳ್ಕೊಡ್ತಾರಲ್ರೀ ಇವ್ರು."

ಎಲ್ಲರೂ ಹೋದ ಮೇಲೆ ನಾನು ಮಿಸ್‌ರನ್ನು ಆಫೀಸಿಗೆ ಕರೆದೆ. ಸಿಟ್ಟಿನಲ್ಲಿ ಕೂಗಾಡಲಿಲ್ಲ. ಕೂಗಾಡಿದರೆ ಎದುರಿನವರಿಗೆ ಬಲ ಬರುತ್ತದೆ, ಇದು ನಾನು ಬೀದಿಯಲ್ಲಿ ಕಲಿತದ್ದು. ಮೆತ್ತಗೆ ಹೇಳಿದೆ. "ನಿಮಗೆ ಸುಸ್ತಾಗಿದೆ ಮಿಸ್. ಸೋಮವಾರದಿಂದ ಸ್ವಲ್ಪ ದಿನ ರೆಸ್ಟ್ ತಗೊಳ್ಳಿ. ನಾನೇ ಫೋನ್ ಮಾಡಿ ಕರೀತೀನಿ."

ಅವರು ಬಾಯಿ ತೆರೆದರು. "ಮೇಡಂ, ನನ್ನ... ನಂಗೆ..." ಎಂದರು. ಎದೆಯ ಮೇಲೆ ಕೈ ಇಟ್ಟರು, ತಲೆಯ ಮೇಲೆ ಇಟ್ಟರು. ನಾನು ಬೀರು ತೆರೆದು ರಟ್ಟಿನ ಪುಸ್ತಕವನ್ನು ಅವರ ಕೈಗೆ ಕೊಟ್ಟೆ. "ಇದೇ ತಾನೇ? ತಗೊಂಡ್ಹೋಗಿ." ಅವರು ಕೇಳಿದ್ದು ಅದಲ್ಲ ಎಂದು ನನಗೆ ಗೊತ್ತಿತ್ತು.

ಉತ್ತರ ಕೊಡಲಾಗದವರ ಜೊತೆ ವ್ಯವಹಾರ ಬಹಳ ಸುಲಭ. ಐದು ನಿಮಿಷದಲ್ಲಿ ಮುಗಿಯಿತು.

ಆ ದಿನ ಅವರು ಬಸ್ ಹತ್ತಿ ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ ಗೊರಗುಂಟೆಪಾಳ್ಯ ಎಂಬ ಮಾತು ಬಾಯಿಗೆ ಬರಲಿಲ್ಲವಂತೆ. ಆತ ಎರಡು ಸಲ ಕೇಳಿ, ಬೇಸತ್ತು, ಕೊನೆಯ ಸ್ಟಾಪಿಗೆ ಟಿಕೆಟ್ ಹರಿದು ಕೊಟ್ಟ. ಅವರಿಗೆ ತಮ್ಮ ಸ್ಟಾಪ್ ಕಿಟಕಿಯಿಂದ ಕಂಡಿತು, ಇಳಿಯಬೇಕೆಂದು ಹೇಳಲಾಗಲಿಲ್ಲ, ಜನರನ್ನು ತಳ್ಳಿ ಬಾಗಿಲವರೆಗೆ ಬರುವಷ್ಟರಲ್ಲಿ ಬಸ್ಸು ಹೊರಟಿತ್ತು. ಕೊನೆಯ ಸ್ಟಾಪಿನಿಂದ ನಡೆದುಕೊಂಡು ಮನೆಗೆ ಬಂದಾಗ ಸಂಜೆಯಾಗಿತ್ತು. ಇದನ್ನು ಕೈಸನ್ನೆಯಲ್ಲಿ, ಅರ್ಧಂಬರ್ಧ ಮಾತಿನಲ್ಲಿ ತಂಗಿಗೆ ಹೇಳಿದ್ದರು. ಹನ್ನೊಂದನೆಯ ದಿನ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದರು.

ಮೆದುಳಿನ ಎಡಭಾಗದಲ್ಲಿ ಗಡ್ಡೆ. ಮಾತು ಹುಟ್ಟುವ ಜಾಗದ ಮೇಲೇ ಕೂತಿತ್ತಂತೆ. ತೆಗೆಯುವಷ್ಟು ತೆಗೆದರು.

ಆಸ್ಪತ್ರೆಗೆ ನಾನು ಒಮ್ಮೆ ಹೋದೆ. ತಲೆ ಬೋಳಿಸಿದ್ದರು, ಆ ಬಿಗಿ ಜಡೆ ಇರಲಿಲ್ಲ. ಕೂಡಲೇ ಗುರುತು ಹಿಡಿದರು. ತಂಗಿಗೆ ನಾನು ಯಾವ ಮೆಡಿಕಲ್ ಸ್ಟೋರಿನಲ್ಲಿ ಔಷಧಿ ಅಗ್ಗ, ವಾರ್ಡಿನಲ್ಲಿ ಯಾರ ಹತ್ತಿರ ಹೇಗೆ ಮಾತಾಡಬೇಕು ಎಂದೆಲ್ಲ ವಿವರಿಸುತ್ತಿದ್ದೆ. ಮಿಸ್ ನನ್ನ ತೋಳು ಮುಟ್ಟಿದರು. ಏನೋ ಹೇಳಬೇಕಿತ್ತು. ತುಟಿ ಸೇರಿತು, ಬಿಟ್ಟಿತು. ಬಲಗೈ ಸ್ವಾಧೀನ ತಪ್ಪಿತ್ತು, ಎಡಗೈ ಎತ್ತಿ ಅಂಗೈಯನ್ನು ನನ್ನ ಕಡೆ ಹಿಡಿದರು.

"ನೀರು ಬೇಕಾ?" ಎಂದೆ. "ಫ್ಯಾನ್ ಹಾಕ್ಲಾ? ಮಲಗ್ತೀರಾ? ಡಾಕ್ಟರನ್ನ ಕರೀಲಾ? ಮಕ್ಕಳ ವಿಷಯಾನಾ? ಮಕ್ಕಳೆಲ್ಲ ಚೆನ್ನಾಗಿದಾರೆ."

ಅವರು ಕೈ ಇಳಿಸಿದರು. ಗೋಡೆಯ ಕಡೆ ತಿರುಗಿಕೊಂಡರು. ಒಂದು ನಿಮಿಷ ಬಾಯಿ ಮುಚ್ಚಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಆ ಮಾತು ಏನಿತ್ತು ಎಂದು ಈಗ ಯಾರನ್ನು ಕೇಳುವುದು.

ಮೇ ತಿಂಗಳ ಕೊನೆಗೆ ಹೋದರು.

ತಿಥಿಗೆ ಕರೆದಿದ್ದರು. ಮನೆಯ ಮೇಲಿನ ಟೆರೇಸಿನಲ್ಲಿ ಶಾಮಿಯಾನ ಹಾಕಿ ಎಲೆ ಹಾಕಿದ್ದರು. ಫ್ಯಾಕ್ಟರಿಯ ಹೆಂಗಸರು, ಗಲ್ಲಿಯವರು, ಒಟ್ಟು ಮೂವತ್ತು ಜನ. ಆಯಾ ಬಂದಿದ್ದಳು. ಹೊಸ ಮಿಸ್‌ರನ್ನು ನಾನು ಕರೆತಂದಿರಲಿಲ್ಲ. ತಂಗಿ ತಾವೇ ಬಡಿಸುತ್ತಿದ್ದರು. ನನ್ನ ಎಲೆಯ ಹತ್ತಿರ ಬಂದವರು ಪಾತ್ರೆ ಕೆಳಗಿಟ್ಟು ಮಂಡಿಯೂರಿ ಕೂತರು.

"ಮೇಡಂ, ಡಾಕ್ಟ್ರು ಒಂದು ಮಾತು ಅಂದಿದ್ರು. ಆರು ತಿಂಗಳು ಮುಂಚೆ ಬಂದಿದ್ರೆ ಗಡ್ಡೆ ಇಷ್ಟು ದೊಡ್ಡದಾಗಿರ್ತಿರ್ಲಿಲ್ಲ ಅಂತ. ಅದೇ ತಲೇಲಿ ಕೊರೀತಾ ಇದೆ."

ನಾನು ಅನ್ನ ಕಲೆಸುತ್ತಿದ್ದೆ.

"ದೀಪಾವಳಿ ಹೊತ್ತಿಗೆ ನಾನೇ ಕೇಳಿದ್ದೆ ಅಕ್ಕನ್ನ. ಯಾಕಕ್ಕ ಮಾತು ತಡವರಿಸ್ತೀಯ, ಒಂದು ದಿನ ರಜಾ ಹಾಕ್ತೀನಿ, ಡಾಕ್ಟ್ರ ಹತ್ರ ಹೋಗ್ಬರೋಣ ಅಂದೆ. ಅವಳು ಏನಂದ್ಲು ಗೊತ್ತಾ? ನಮ್ ಮೇಡಂ ದಿನಾ ಎದುರಿಗೇ ಇರ್ತಾರೆ ಕಣೇ, ಅವರ ಕಣ್ಣಿಗೆ ಬೀಳದೇ ಇರೋದು ಯಾವುದಿದೆ, ಏನಾದ್ರೂ ಇದ್ರೆ ಅವರು ಹೇಳದೇ ಬಿಡ್ತಿದ್ರಾ ಅಂದ್ಲು. ತಡವರಿಸ್ಕೊಂಡೇ ಅಂದ್ಲು. ನಂಗೂ ಅದು ಸರಿ ಅನ್ನಿಸ್ತು. ಸುಮ್ನಾಗ್ಬಿಟ್ಟೆ."

ಪಕ್ಕದ ಎಲೆಯವರು ಸಾರು ಕೇಳಿದರು. ತಂಗಿ ಅತ್ತ ನೋಡಲಿಲ್ಲ.

"ನಿಮಗೂ ಏನೂ ಗೊತ್ತಾಗ್ಲಿಲ್ಲ ಅಲ್ವಾ ಮೇಡಂ?"

ಆ ಮುಖ ನೋಡಿದೆ. ಏನು ಕೇಳುತ್ತಿದ್ದಾರೆ, ಯಾವ ಉತ್ತರಕ್ಕೆ ಕೈಯೊಡ್ಡಿದ್ದಾರೆ ಎಂಬುದು ಸ್ಪಷ್ಟವಾಗಿತ್ತು. ಗೊತ್ತಿತ್ತು ಎಂದರೆ ಅವರ ತಪ್ಪು ಅರ್ಧ ಇಳಿದು ನನ್ನ ಎಲೆಗೆ ಬರುತ್ತದೆ. ಗೊತ್ತಿರಲಿಲ್ಲ ಎಂದರೆ ಯಾರದೂ ತಪ್ಪಿಲ್ಲ.

"ಇಲ್ಲಮ್ಮ," ಎಂದೆ. "ಸ್ವಲ್ಪಾನೂ ಗೊತ್ತಾಗ್ಲಿಲ್ಲ."

ಅವರು ಉಸಿರು ಬಿಟ್ಟರು. ಎಷ್ಟೋ ದಿನದಿಂದ ಹಿಡಿದಿಟ್ಟಿದ್ದ ಉಸಿರು ಅದು. "ನಿಮಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ನಂಗೆ ಹೇಗೆ ಗೊತ್ತಾಗ್ಬೇಕು ಬಿಡಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು. ಪಾತ್ರೆ ಎತ್ತಿಕೊಂಡು, ನಾನು ಕೇಳದಿದ್ದರೂ, ಎಲೆಗೆ ಇನ್ನೊಂದು ವಡೆ ಹಾಕಿದರು.

ನಾನು ಬೇಡ ಎನ್ನಲಿಲ್ಲ. ತಿಂದೆ.